ಹಿತ್ತಿಲ ಗೋಡೆ ಬಿದ್ದ ಶನಿವಾರ

ಗಾಜಿನ ಕೋಣೆ ಬೇಕೆಂದು ಹಟ ಹಿಡಿದದ್ದು ನನ್ನ ಗಂಡ. ಅದರ ದೆಸೆಯಿಂದ ಪಕ್ಕದ ಮನೆಯವರ ಮರೆ ಕಿತ್ತುಹಾಕಿದವಳು ನಾನು. ಈ ಎರಡನೆಯದನ್ನು ಜನರೆದುರು ಒಪ್ಪಿಕೊಳ್ಳಲು ನನಗೆ ಹತ್ತು ನಿಮಿಷ ಹಿಡಿಯಿತು. ಮೂವತ್ತು ವರ್ಷ ಮಕ್ಕಳಿಂದ ಸತ್ಯದ ಮಹತ್ವದ ಮೇಲೆ ಪ್ರಬಂಧ ಬರೆಸಿದವಳು; ಆ ಹತ್ತು ನಿಮಿಷ ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಗಂಡ ಪಣಂಬೂರಿನ ಪೋರ್ಟಿನಲ್ಲಿ ದುಡಿದು ನಿವೃತ್ತರಾದವರು. ಕ್ರೇನುಗಳ ಸದ್ದಿನಲ್ಲಿ ಆಯುಷ್ಯ ಕಳೆದವರಿಗೆ ಆಮೇಲೆ ಹಿಡಿದ ಹುಚ್ಚು ಆಂಥೂರಿಯಂ ಗಿಡಗಳದ್ದು. ಇಂಗ್ಲೆಂಡಿನಲ್ಲಿ ನರ್ಸ್ ಆಗಿರುವ ಅವರ ತಂಗಿ ಒಂದು ದಿನ ವಿಡಿಯೊ ಕಾಲಿನಲ್ಲಿ ತನ್ನ ಮನೆಯ ಹಿಂಬದಿಗೆ ಹೊಸದಾಗಿ ಸೇರಿಸಿದ ಗಾಜಿನ ಕೋಣೆಯನ್ನು ತೋರಿಸಿದಳು. ಅದಕ್ಕೆ ಕನ್ಸರ್ವೇಟರಿ ಎನ್ನುತ್ತಾರಂತೆ. ಅಂದಿನಿಂದ ನಮ್ಮ ಮನೆಯಲ್ಲಿ ಊಟಕ್ಕೂ ಅದೇ ಮಾತು, ತಿಂಡಿಗೂ ಅದೇ ಮಾತು. "ಅದು ಅಲ್ಲಿಯ ಚಳಿಗೆ ಮಾಡಿದ್ದು. ಇಲ್ಲಿಯ ಸೆಕೆಯಲ್ಲಿ ಗಾಜಿನೊಳಗೆ ಕೂತರೆ ಗಿಡವೂ ಬೇಯುತ್ತದೆ, ನೀವೂ ಬೇಯುತ್ತೀರಿ" ಎಂದು ನಾನು ಹೇಳಿ ನೋಡಿದೆ. ಅವರು ಕೇಳುವ ಜನವಲ್ಲ. ಕೊನೆಗೆ ಒಂದು ರಾಜಿಯಾಯಿತು: ಅಡಿಗೆಮನೆಯ ಹಿಂದೆ, ಹಲಸಿನ ಮರದ ನೆರಳಿನಲ್ಲಿ, ಮೇಲೆ ಹಂಚು, ಸುತ್ತ ತೆರೆಯಲು ಬರುವ ಗಾಜಿನ ಬಾಗಿಲುಗಳು. ನಮ್ಮ ಮೇಸ್ತ್ರಿ ಅದನ್ನು ಗ್ಲಾಸ್ ರೂಮ್ ಎಂದು ಕರೆದರು, ನಾವೂ ಹಾಗೆಯೇ ಕರೆಯತೊಡಗಿದೆವು.

ತೊಡಕು ಇದ್ದದ್ದು ಹಿತ್ತಿಲ ಗೋಡೆಯಲ್ಲಿ. ನಮ್ಮ ಹಿತ್ತಿಲಿಗೂ ಪಕ್ಕದ ಮನೆಯ ಹಿತ್ತಿಲಿಗೂ ನಡುವೆ ಆಳೆತ್ತರದ ಕೆಂಪುಕಲ್ಲಿನ ಗೋಡೆಯೊಂದಿತ್ತು. ಮಣ್ಣಿನಲ್ಲಿ ಕಟ್ಟಿದ ಹಳೆಯ ಕಾಲದ್ದು, ನಡುವೆ ಹೊಟ್ಟೆ ಬಿಟ್ಟಿತ್ತು. ಅದರ ಬುಡದಲ್ಲಿ ಪಂಚಾಂಗಕ್ಕೆ, ಅಂದರೆ ಕೋಣೆಯ ಅಡಿಪಾಯಕ್ಕೆ, ಅಗೆದರೆ ಗೋಡೆ ನಿಲ್ಲುವುದಿಲ್ಲ, ಮೊದಲು ಅದನ್ನು ಕೆಡವಿ ಹೊಸತು ಕಟ್ಟಿ ಆಮೇಲೆ ಆ ಬದಿಯ ಅಡಿಪಾಯಕ್ಕೆ ಕೈಹಾಕುವುದು ಒಳ್ಳೆಯದು ಎಂದು ಮೇಸ್ತ್ರಿ ಹೇಳಿದರು. ಪಕ್ಕದ ಮನೆಯ ಯಜಮಾನರು ಬ್ಯಾರಿ ಮುಸ್ಲಿಮರು, ಬಂದರ್‌ನಲ್ಲಿ ಅವರದ್ದೊಂದು ಸಗಟು ಅಂಗಡಿ. ಒಂದು ಬೆಳಿಗ್ಗೆ ಅವರೂ ನನ್ನ ಗಂಡನೂ ಆ ಗೋಡೆಯ ಎರಡು ಬದಿಯಲ್ಲಿ ನಿಂತು, "ಕೆಡವಿ ಮಾರಾಯ್ರೆ, ಅದು ನಮ್ಮ ಮೇಲೆ ಬೀಳುವ ಮೊದಲು ಕೆಡವಿ" ಎಂದು ನಗುತ್ತಾ ಮಾತು ಮುಗಿಸಿದರು. ಅದು ಅಕ್ಟೋಬರ್. ನವೆಂಬರಿನಲ್ಲಿ ಅವರು ತೀರಿಕೊಂಡರು.

ಅವರ ಹೆಂಡತಿಯನ್ನು ನಾನು ಉಮ್ಮ ಎಂದೇ ಕರೆಯುವುದು, ಅವರ ಮಗ ಕರೆಯುವ ಹಾಗೆ. ನನಗಿಂತ ಎಂಟೊಂಬತ್ತು ವರ್ಷ ದೊಡ್ಡವರು. ಇಪ್ಪತ್ತಾರು ವರ್ಷಗಳ ನೆರೆಹೊರೆ. ನಾವು ಕ್ರಿಶ್ಚಿಯನ್ನರು, ನಮ್ಮ ಮನೆಯೊಳಗೆ ಕೊಂಕಣಿ, ಅವರ ಮನೆಯೊಳಗೆ ಬ್ಯಾರಿ. ಗೋಡೆಯ ಆಚೀಚೆ ನಿಂತು ಮಾತಾಡುವಾಗ ಇಬ್ಬರದ್ದೂ ತುಳು. ಕನ್ನಡ ನಮ್ಮ ಓಣಿಯಲ್ಲಿ ಶಾಲೆಗೆ, ಆಫೀಸಿಗೆ, ಪೇಪರಿಗೆ. ನನಗೆ ಮಾತ್ರ ಅದು ಅನ್ನ ಕೊಟ್ಟ ಭಾಷೆ. ಬಲ್ಮಠದ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳೆಂದು ಇಡೀ ಓಣಿಗೆ ನಾನು ಟೀಚರ್. ಆ ಹೆಸರಿನ ಜಂಬ ನನಗೆ ಇತ್ತು, ಇಲ್ಲ ಎಂದರೆ ಸುಳ್ಳಾಗುತ್ತದೆ.

ಗಂಡ ತೀರಿಕೊಂಡ ಮೇಲೆ ಉಮ್ಮ ಇದ್ದತ್ ಕೂತರು. ನಾಲ್ಕು ತಿಂಗಳು ಹತ್ತು ದಿನ ಮನೆ ಬಿಟ್ಟು ಹೊರಗೆ ಹೋಗದೆ, ಹೊರಗಿನ ಗಂಡಸರ ಕಣ್ಣಿಗೆ ಬೀಳದೆ ಇರುವ ವಿಧವೆಯ ವ್ರತ ಅದು. ಯಾರೂ ಅವರನ್ನು ನೋಡಬಾರದು, ಅವರು ಯಾರನ್ನೂ ಭೇಟಿಯಾಗಬಾರದು ಎಂದು ನಾನು ತಿಳಿದುಕೊಂಡೆ. ನನಗೆ ಯಾರೂ ಹೀಗೆ ಹೇಳಿರಲಿಲ್ಲ, ನಾನೂ ಯಾರನ್ನೂ ಕೇಳಿರಲಿಲ್ಲ. ಗೌರವ ಕೊಡುವುದೆಂದರೆ ದೂರ ನಿಲ್ಲುವುದು ಎಂದುಕೊಂಡು ದೂರವೇ ನಿಂತೆ.

ಒಂದು ದಿನ ಉಮ್ಮನ ಮಗ ನಮ್ಮ ಗೇಟಿನ ಹತ್ತಿರ ಬಂದು, ಒಳಗೆ ಬಾರದೆ, ತಲೆ ತಗ್ಗಿಸಿ ಕೇಳಿದ. "ಟೀಚರ್, ಆ ಹಿಂದಿನ ಗೋಡೆ ಒಂದು ಸ್ವಲ್ಪ ಸಮಯ ಹಾಗೇ ಇರ್ಲಿ. ಉಮ್ಮನಿಗೆ ಹೊರಗೆ ಗಾಳಿಗೆ ಕೂತ್ಕೊಳ್ಲಿಕ್ಕೆ ಅದೊಂದೇ ಜಾಗ ಇರುದು." ಅವರ ಅಡಿಗೆಮನೆಯ ಹಿಂಬಾಗಿಲಿಗೂ ಆ ಗೋಡೆಗೂ ನಡುವೆ ನಾಲ್ಕು ಹೆಜ್ಜೆ ಅಗಲದ ಜಾಗ, ಒಂದು ಮೆಟ್ಟಿಲು. ಬೆಳಿಗ್ಗೆ ಅವರು ಅಲ್ಲಿ ಬಂದು ಕೂರುವುದು ನನಗೂ ಗೊತ್ತಿತ್ತು. ಗಂಟಲು ಸರಿಮಾಡಿಕೊಳ್ಳುವ ಸದ್ದು, ಸ್ಟೀಲು ಲೋಟ ಕೆಳಗಿಡುವ ಸದ್ದು ನನ್ನ ಅಡಿಗೆಮನೆಗೆ ಕೇಳುತ್ತಿತ್ತು. "ಉಮ್ಮನ ಇದ್ದತ್ ಮುಗಿಯುವವರೆಗೆ ಆ ಗೋಡೆಯ ಒಂದು ಕಲ್ಲನ್ನೂ ಯಾರೂ ಮುಟ್ಟುವುದಿಲ್ಲ. ಇದು ನನ್ನ ಮಾತು" ಎಂದೆ. ಅವನು ಕೈ ಎದೆಗೆ ಇಟ್ಟುಕೊಂಡು ಹೋದ.

ಮೇಸ್ತ್ರಿಗೆ ನಾನು ಇದನ್ನು ಬಿಡಿಸಿ ಹೇಳಲಿಲ್ಲ. ಇನ್ನೊಬ್ಬರ ಮನೆಯ ದುಃಖವನ್ನು ಕೆಲಸದವರಿಗೆ ಯಾಕೆ ವಿವರಿಸಬೇಕು ಎಂಬ ದೊಡ್ಡಸ್ತಿಕೆ. "ಗೋಡೆ ಆಮೇಲೆ ನೋಡುವ" ಎಂದಷ್ಟೇ ಹೇಳಿದೆ. ಅವರು ಗೋಡೆಯ ಬದಿ ಬಿಟ್ಟು ಉಳಿದ ಬದಿಗಳಿಂದ ಕೆಲಸ ಶುರುಮಾಡಿದರು. ಫೆಬ್ರವರಿಯ ಕೊನೆಗೆ ಮೂರು ಬದಿಯ ಪಂಚಾಂಗ ಮುಗಿದು, ಗೋಡೆಯ ಬದಿ ಮಾತ್ರ ಉಳಿಯಿತು. ಉಮ್ಮನ ಇದ್ದತ್ ಮುಗಿಯಲು ಇನ್ನೂ ಒಂದು ತಿಂಗಳ ಮೇಲೆ ಇತ್ತು.

ಆ ಶನಿವಾರ ಬೆಳಿಗ್ಗೆ ನಾನು ಬಲ್ಮಠಕ್ಕೆ ಹೊರಟಿದ್ದೆ. ನನ್ನ ಹಳೆಯ ಶಾಲೆಯಲ್ಲಿ ಮಕ್ಕಳ ಪ್ರಬಂಧ ಸ್ಪರ್ಧೆ, ತೀರ್ಪು ಕೊಡಲು ನನ್ನನ್ನು ಕರೆದಿದ್ದರು. ಬಸ್ಸಿನಲ್ಲಿ ಕೂತಿರುವಾಗ ಮೇಸ್ತ್ರಿಯ ವಾಯ್ಸ್ ಮೆಸೇಜ್ ಬಂತು. "ಟೀಚರ್, ಆ ಗೋಡೆಯದ್ದು ಇವತ್ತು ಹಿಡಿಯುದಾ, ನಾಳೆ ಹಿಡಿಯುದಾ? ನಾಳೆ ಆದಿತ್ಯವಾರ ಆದ್ರೂ ಜನ ಬರ್ತಾರೆ, ತೊಂದರೆ ಇಲ್ಲ." ನನ್ನ ಕಿವಿಗೆ ಬಿದ್ದದ್ದು ಗೋಡೆ ಎಂಬ ಒಂದು ಶಬ್ದ ಮಾತ್ರ. ಮೈ ಉರಿಯಿತು. ಆಮೇಲೆ ನೋಡುವ ಎಂದ ಮೇಲೂ ಮತ್ತೆ ಅದೇ ಗೋಡೆಗೆ ಬರುವುದೆಂದರೇನು? ಬಾಯಿಮಾತು ನಿಲ್ಲುವುದಿಲ್ಲ, ಬರಹದಲ್ಲಿ ಕೊಟ್ಟರೆ ನಿಲ್ಲುತ್ತದೆ ಎಂದು ಬಸ್ಸಿನಲ್ಲೇ ಟೈಪ್ ಮಾಡಿದೆ. ಶುದ್ಧ ಕನ್ನಡದಲ್ಲಿ, ಪೂರ್ಣವಿರಾಮ ಹಾಕಿ. ಕಳಿಸಿ ಫೋನನ್ನು ಬ್ಯಾಗಿಗೆ ಹಾಕಿಕೊಂಡೆ.

ಹತ್ತೂವರೆಗೆ ಗಂಡನ ಫೋನು. ನಾನು ಆರನೆಯ ಪ್ರಬಂಧದಲ್ಲಿದ್ದೆ.

"ಗೋಡೆ ಬಿತ್ತು" ಎಂದರು.

"ಯಾವ ಗೋಡೆ?"

"ಹಿಂದಿನದ್ದು. ಪಿಕ್ಕಾಸು ಹಾಕಿ ಎರಡು ಕಲ್ಲು ಎಳೆದದ್ದಷ್ಟೆ, ಇಡೀ ಕೆಳಗೆ ಬಂತು."

"ಯಾರು ಹೇಳಿದ್ದು ಮುಟ್ಟಲಿಕ್ಕೆ? ನೀವು ಎಲ್ಲಿದ್ದಿರಿ?"

"ನಾನು ಒಳಗೆ ಚಾ ಕುಡಿಯುತ್ತಾ ಇದ್ದೆ. ಟೀಚರ್ ಮೆಸೇಜ್ ಹಾಕಿದ್ದಾರೆ ಅಂತ ಮೇಸ್ತ್ರಿ ಹೇಳಿದರು. ನೀನು ಹೇಳಿದ ಮೇಲೆ ನಾನು ಮಧ್ಯೆ ಬರುವುದುಂಟಾ?"

ನಾನು ಪೆನ್ನು ಕೆಳಗಿಟ್ಟೆ. "ಉಮ್ಮ?"

"ಅಲ್ಲೇ ಮೆಟ್ಟಿಲಲ್ಲಿ ಕೂತಿದ್ದರಂತೆ. ಪೆಟ್ಟೇನೂ ಆಗಲಿಲ್ಲ. ಎದ್ದು ಒಳಗೆ ಹೋದರು. ನೀನು ಬೇಗ ಬಾ."

ಪ್ರಬಂಧದ ಕಟ್ಟನ್ನು ಯಾರ ಕೈಗೆ ಕೊಟ್ಟೆನೋ ನೆನಪಿಲ್ಲ. ಆಟೋದಲ್ಲಿ ಕೂತು ಇಡೀ ದಾರಿ ಲೆಕ್ಕ ಹಾಕಿದೆ. ಮೂರು ತಿಂಗಳಿಗೂ ಮೇಲೆ ಯಾರ ಕಣ್ಣಿಗೂ ಬೀಳದೆ ಕಳೆದ ಹೆಂಗಸು. ನಾಲ್ಕು ಮಂದಿ ಗುರುತಿಲ್ಲದ ಗಂಡಸರ ಮುಂದೆ ಒಂದೇ ಏಟಿಗೆ ಬಯಲಾಗಿ ಕೂತರು. ಇದ್ದತ್ ಮುರಿದ ಹಾಗಾಯಿತೇ? ಮತ್ತೆ ಮೊದಲ ದಿನದಿಂದ ಎಣಿಸಬೇಕೇ? ಇಡೀ ಬೇಸಗೆ ಆ ಕತ್ತಲೆ ಕೋಣೆಯಲ್ಲಿ ಕೂರಬೇಕೇ? ಎಪ್ಪತ್ತರ ಹತ್ತಿರದ ಜೀವ, ರಕ್ತದೊತ್ತಡ ಬೇರೆ. ಆಟೋದವರು ಎರಡು ಸಲ ತಿರುಗಿ ನೋಡಿದರು. ನಾನು ಬಾಯಿಬಿಟ್ಟೇ ಮೇಸ್ತ್ರಿಯನ್ನು ಬೈಯುತ್ತಿದ್ದೆ.

ಹಿತ್ತಿಲಿಗೆ ಓಡಿದೆ. ಎಲ್ಲದರ ಮೇಲೂ ಕೆಂಪು ಧೂಳು ಕೂತಿತ್ತು. ಗೋಡೆ ಇದ್ದಲ್ಲಿ ಒಂದು ಕಾರು ಹೋಗುವಷ್ಟು ಅಗಲದ ಬಾಯಿ. ಅದರಾಚೆ ಉಮ್ಮನ ಮೆಟ್ಟಿಲು, ಉರುಳಿದ ಸ್ಟೀಲು ಲೋಟ, ಚೆಲ್ಲಿದ ಚಾ. ಇಪ್ಪತ್ತಾರು ವರ್ಷ ಸದ್ದಿನಿಂದ ಮಾತ್ರ ಗೊತ್ತಿದ್ದ ಆ ಜಾಗವನ್ನು ನಾನು ನೋಡಿದ್ದು ಅದೇ ಮೊದಲು. ಕೆಲಸದವರು ನಾಲ್ವರೂ ನಮ್ಮ ಅಡಿಗೆಮನೆಯ ಕಡೆಗೆ ಮುಖ ಮಾಡಿ, ಆ ಬಾಯಿಗೆ ಬೆನ್ನು ಹಾಕಿ ಸಾಲಾಗಿ ನಿಂತಿದ್ದರು. ಮೇಸ್ತ್ರಿ ಮರಳು ಮುಚ್ಚಿದ್ದ ಟರ್ಪಾಲನ್ನು ಹಿಂದೆ ಹಿಂದೆ ನಡೆಯುತ್ತಾ, ತಾವೂ ಆಚೆ ನೋಡದೆ, ಎಳೆದು ತರುತ್ತಿದ್ದರು. ಉಮ್ಮನ ಹಿಂಬಾಗಿಲು ಮುಚ್ಚಿಕೊಂಡಿತ್ತು, ಆದರೆ ಪೂರ್ತಿ ಅಲ್ಲ, ಒಂದು ಬೆರಳಿನಷ್ಟು ಸಂದು ಇತ್ತು.

"ಉಮ್ಮಾ" ಎಂದು ಕೂಗಿದೆ. "ಉಮ್ಮಾ, ನಾನು, ಟೀಚರ್."

ಸಂದು ಮುಚ್ಚಿತು. ಒಳಗಿನಿಂದ ಚಿಲಕ ಹಾಕಿದ ಸದ್ದು ಕೇಳಿತು.

ನಾನು ಮೇಸ್ತ್ರಿಯ ಮೇಲೆ ಎಗರಿದೆ. ಏನೆಲ್ಲ ಹೇಳಿದೆನೋ! ಓದಲಿಕ್ಕೆ ಬರುವುದಿಲ್ಲವಾ ಎಂದೆ, ಕಣ್ಣು ಎಲ್ಲಿಟ್ಟಿದ್ದಿರಿ ಎಂದೆ, ಮುಟ್ಟಬಾರದು ಎಂದರೆ ನಿಮ್ಮ ಊರಿನಲ್ಲಿ ಕೆಡವುವುದಾ ಎಂದೆ. ಅವರು ಟರ್ಪಾಲು ಕೆಳಗೆ ಬಿಟ್ಟು, ಧೂಳಿನ ಕೈಯನ್ನು ಲುಂಗಿಗೆ ಒರೆಸಿಕೊಂಡು, ಫೋನು ತೆಗೆದು ನನ್ನ ಮುಖದ ಮುಂದೆ ಹಿಡಿದರು. "ನೀವೇ ಹಾಕಿದ್ದಲ್ವಾ ಟೀಚರ್? ಓದಿ ನೋಡಿ."

ಓದಿದೆ. ನನ್ನದೇ ಮೆಸೇಜು: "ಎಲ್ಲೆ ಗೋಡೆ ಮುಟ್ಟಬಾರದು. ಉಳಿದ ಕೆಲಸ ಎಂದಿನಂತೆ ನಡೆಯಲಿ."

ಅದರ ಮೇಲೆಯೇ ಅವರ ಹಳೆಯ ಮೆಸೇಜುಗಳು ಸಾಲಾಗಿ ನಿಂತಿದ್ದವು, ಕನ್ನಡ ಅಕ್ಷರದಲ್ಲಿ ಬರೆದ ತುಳು. "ಎಲ್ಲೆ ಜನ ಇಜ್ಜಿ ಟೀಚರ್." "ಎಲ್ಲೆ ಸಿಮೆಂಟ್ ಬರ್ಪುಂಡು." ಎಲ್ಲೆ ಎಂದರೆ ತುಳುವಿನಲ್ಲಿ ನಾಳೆ. ನಾಳೆ ಜನ ಇಲ್ಲ, ನಾಳೆ ಸಿಮೆಂಟ್ ಬರುತ್ತದೆ. ನಾನೇ ದಿನಕ್ಕೆ ಹತ್ತು ಸಲ ಮೀನಿನವಳ ಹತ್ತಿರ, ಹಾಲಿನವರ ಹತ್ತಿರ ಆಡುವ ಮಾತು. ಆದರೆ ಬರೆಯಲು ಕೂತ ಕೂಡಲೇ ನನ್ನ ತಲೆ ಪಠ್ಯಪುಸ್ತಕವಾಗುತ್ತದೆ, ಅಲ್ಲಿ ಎಲ್ಲೆ ಎಂದರೆ ಗಡಿ. ಕಂಪೌಂಡ್ ಎಂದು ಬರೆದಿದ್ದರೆ ಮುಗಿಯುತ್ತಿತ್ತು, ಊರೆಲ್ಲ ಹಾಗೆಯೇ ಹೇಳುವುದು. ನನಗೆ ಇಂಗ್ಲಿಷ್ ಶಬ್ದ ಬರೆಯಲು ಮನಸ್ಸಾಗಲಿಲ್ಲ. ಹೋಗಲಿ, ಎಲ್ಲೆಗೋಡೆ ಎಂದು ಸಮಾಸ ಮಾಡಿ ಕೂಡಿಸಿಯಾದರೂ ಬರೆದಿದ್ದೆನೇ? ಬಸ್ಸಿನ ಕುಲುಕಾಟದಲ್ಲಿ ನಡುವೆ ಜಾಗ ಬಿಟ್ಟಿತ್ತು. ಇವತ್ತೋ ನಾಳೆಯೋ ಎಂದು ಕೇಳಿದವರಿಗೆ ನಾಳೆ ಮುಟ್ಟಬಾರದು ಎಂಬ ಉತ್ತರ ಹೋಗಿತ್ತು. ನಾಳೆ ಆದಿತ್ಯವಾರ, ಕ್ರಿಶ್ಚಿಯನ್ನರ ಮನೆ, ಸರಿಯೇ ಅಲ್ಲವೇ ಎಂದುಕೊಂಡು ಅವರು ಇವತ್ತೇ ಮುಗಿಸಲು ಹೊರಟಿದ್ದರು.

ನಾನು ಫೋನನ್ನು ಅವರ ಕೈಗೆ ವಾಪಸು ಕೊಟ್ಟೆ. ನನ್ನದೇ ತಪ್ಪು ಎಂದು ಹೇಳಲು ಇದ್ದ ಹೊತ್ತು ಅದು. ಹೇಳಲಿಲ್ಲ.

ಅಷ್ಟರಲ್ಲಿ ಉಮ್ಮನ ಮಗ ಬಂದ. ಬಂದರ್‌ನ ಅಂಗಡಿಯಿಂದ ಬೈಕಿನಲ್ಲಿ ಬಂದದ್ದು, ಹಿಂದೆ ಇನ್ನೊಂದು ಬೈಕಿನಲ್ಲಿ ಅಂಗಡಿಯ ಇಬ್ಬರು. ನಮ್ಮ ಗೇಟು ತೆರೆದೇ ಇತ್ತು. ಅವನು ನನ್ನನ್ನು ನೋಡಲಿಲ್ಲ, ಬಿದ್ದ ಕಲ್ಲುಗಳನ್ನು ನೋಡಿದ, ಅಮ್ಮನ ಲೋಟವನ್ನು ನೋಡಿದ. ಆಮೇಲೆ ತೀರ ಮೆಲ್ಲಗೆ ಕೇಳಿದ. "ಯಾರು ಕೆಡವಿದ್ದು ಇದನ್ನು?"

"ನಾವೇ" ಎಂದರು ಮೇಸ್ತ್ರಿ. "ಟೀಚರ್ ಹೇಳಿದ್ದು."

ಅವನು ನನ್ನ ಕಡೆಗೆ ತಿರುಗಿದ. "ಹೌದಾ ಟೀಚರ್? ನೀವು ಹೇಳಿದ್ದಾ?"

"ನಾನು ಮುಟ್ಟಬಾರದು ಅಂತ ಬರೆದಿದ್ದೆ" ಎಂದೆ.

ಅದು ಸುಳ್ಳಲ್ಲ. ಅದಕ್ಕಿಂತ ಕೆಟ್ಟದ್ದು. ಮೇಸ್ತ್ರಿ ನನ್ನ ಮುಖವನ್ನೇ ನೋಡಿದರು, ಬಾಯಿ ತೆರೆದರು, ಅವರ ಮಾತು ಹೊರಗೆ ಬರುವ ಮೊದಲೇ ಅಂಗಡಿಯವರಲ್ಲಿ ಒಬ್ಬ ಅವರ ಅಂಗಿಯ ಕಾಲರಿಗೆ ಕೈ ಹಾಕಿದ. "ಮುಟ್ಟಬಾರದು ಅಂತ ಬರೆದಿದ್ರೂ ಕೆಡವಿದ್ದಾ? ಹಾಗಾದ್ರೆ ಬೇಕಂತಲೇ ಮಾಡಿದ್ದು. ಒಳಗೆ ಇದ್ದತ್ ಕೂತವರು ಇದ್ದಾರೆ ಅಂತ ಗೊತ್ತಿದ್ದೇ ಮಾಡಿದ್ದು, ಅಲ್ವಾ?"

ಬೇಕಂತಲೇ. ನಮ್ಮ ಊರಿನಲ್ಲಿ ಆ ಒಂದು ಶಬ್ದಕ್ಕೆ ಎಷ್ಟು ದೂರ ಹೋಗುವ ಶಕ್ತಿ ಇದೆಯೆಂದು ಇಲ್ಲಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗೋಡೆ ಬಿದ್ದ ಸದ್ದಿಗೆ ಓಣಿಯ ಜನ ಆಗಲೇ ಸೇರಿದ್ದರು. ಗೇಟಿನ ಹೊರಗೆ ಮೂಲೆಯ ಗೂಡಂಗಡಿಯಿಂದ ಬಂದ ನಾಲ್ಕೈದು ಜನ ನಿಂತಿದ್ದರು. ಅವರಲ್ಲೊಬ್ಬ ಫೋನು ಎತ್ತಿ ಹಿಡಿದಿದ್ದ. ಇನ್ನೊಬ್ಬ ಗೇಟು ದಾಟಿ ಒಳಗೆ ಕಾಲಿಟ್ಟ. "ಎಂತದು? ಕೂಲಿ ಕೆಲಸಕ್ಕೆ ಬಂದ ನಮ್ಮ ಜನದ ಮೇಲೆ ಕೈ ಹಾಕ್ತೀರಾ ನೀವು?"

ನಮ್ಮ ಜನ, ನೀವು. ಐದು ನಿಮಿಷದ ಹಿಂದೆ ಅಲ್ಲಿ ಇದ್ದದ್ದು ಒಂದು ಗೋಡೆ, ಒಂದು ತಪ್ಪು, ಒಬ್ಬ ಮುದುಕಿ. ನನ್ನ ಗಂಡ ನಡುವೆ ಹೋಗಿ ಕೈ ಅಡ್ಡ ಹಿಡಿದರು, ಅವರನ್ನು ಯಾರೋ ಬದಿಗೆ ಸರಿಸಿದರು, ಒಂದು ಆಂಥೂರಿಯಂ ಚಟ್ಟಿ ಬಿದ್ದು ಒಡೆಯಿತು. ಕೆಲಸದವರಲ್ಲಿ ಒಬ್ಬ ಪಿಕ್ಕಾಸಿನ ಕಡೆಗೆ ಬಗ್ಗಿದ. ಎತ್ತಿ ಬದಿಗಿಡಲು ಬಗ್ಗಿದನೋ ಬೇರೆಯದಕ್ಕೋ ನನಗೆ ಗೊತ್ತಿಲ್ಲ.

"ಬಿಡಿ ಅವರನ್ನು!" ಎಂದು ಕಿರುಚಿದೆ. ತರಗತಿಯಲ್ಲಿ ಅರವತ್ತು ಮಕ್ಕಳನ್ನು ಅಡಗಿಸುತ್ತಿದ್ದ ಸ್ವರ ಎಲ್ಲಿತ್ತೋ, ಬಂತು. "ತಪ್ಪು ನನ್ನದು. ಅವರದ್ದಲ್ಲ. ಅವರು ನಾನು ಬರೆದದ್ದನ್ನೇ ಮಾಡಿದ್ದು."

ಕಾಲರು ಹಿಡಿದ ಕೈ ಸಡಿಲವಾಯಿತು, ಆದರೆ ಬಿಡಲಿಲ್ಲ. ನಾನು ಮೇಸ್ತ್ರಿಯ ಫೋನನ್ನು ತೆಗೆದುಕೊಂಡು ಆ ಎರಡು ಸಾಲನ್ನು ಗಟ್ಟಿಯಾಗಿ ಓದಿದೆ. ಎಲ್ಲೆ ಎಂದು ಬರೆದದ್ದು ಗಡಿಯ ಅರ್ಥದಲ್ಲಿ ಎಂದೆ, ಅವರು ಓದಿದ್ದು ನಾಳೆ ಎಂದೆ, ತುಳುವರು ಹೇಗೆ ಓದಬೇಕೋ ಹಾಗೆಯೇ ಓದಿದ್ದಾರೆ ಎಂದೆ. ಉಮ್ಮ ಇದ್ದತ್ ಕೂತ ವಿಷಯ ಅವರಿಗೆ ನಾನು ಹೇಳಿಯೇ ಇಲ್ಲ ಎಂದೆ. ಇದನ್ನೆಲ್ಲ ಹತ್ತು ನಿಮಿಷ ಮೊದಲೇ ಹೇಳಬಹುದಿತ್ತು, ಹೇಳಲು ನಾಚಿಕೆಯಾಯಿತು ಎಂದೂ ಹೇಳಿದೆ.

ಆಮೇಲೆ ಗೇಟಿನ ಹೊರಗೆ ಯಾರೋ, "ಎಲ್ಲೆ ಅಂದ್ರೆ ನಾಳೆ ಅಲ್ವಾ ಮಾರಾಯ, ಮತ್ತೆಂತದು?" ಎಂದು ಕೇಳಿದ. ಇನ್ನೊಬ್ಬ ಪಕ್ಕನೆ ನಕ್ಕ. ಕಾಲರಿನ ಕೈ ಕೆಳಗೆ ಬಂತು. ಫೋನು ಹಿಡಿದವನೂ ಅದನ್ನು ಜೇಬಿಗೆ ಇಳಿಸಿದ. ಗೂಡಂಗಡಿಯವರು ಟೀಚರ ಕನ್ನಡದ ಬಗ್ಗೆ ಏನೋ ತಮಾಷೆ ಮಾಡುತ್ತಾ ಹೊರಟರು. ಆ ನಗು ನನ್ನ ಮೇಲೆ ಎಂದು ಗೊತ್ತಿತ್ತು, ಅದಕ್ಕೆ ಆ ಕ್ಷಣ ನಾನು ಋಣಿಯಾಗಿದ್ದೆ.

ಮೇಸ್ತ್ರಿ ನಗಲಿಲ್ಲ. ಕಾಲರು ಸರಿಮಾಡಿಕೊಂಡು, ನನ್ನನ್ನು ನೋಡದೆ ಹೇಳಿದರು. "ಯಾವಾಗ್ಲೂ ಪುಸ್ತಕದ ಕನ್ನಡ ಬರೆಯುವ ಟೀಚರ್ ಇವತ್ತು ನಮ್ಮ ತುಳು ಬರೆದಿದ್ದಾರೆ ಅಂತ ನಂಗೆ ಖುಷಿ ಆಗಿತ್ತು." ಕೆಲಸದವರಿಗೂ ತೋರಿಸಿದ್ದರಂತೆ. ಅವರ ಹತ್ತಿರ ಕ್ಷಮೆ ಕೇಳಿದೆ. "ಆಯ್ತು, ಈಗ ಟರ್ಪಾಲು ಕಟ್ಟುವ" ಎಂದರು.

ಉಮ್ಮನ ಮಗನೂ ನಕ್ಕಿರಲಿಲ್ಲ. ಅವನಿಗೂ ಕೈಮುಗಿದೆ. "ನನಗೆ ಹೇಳಿ ಎಂತ ಪ್ರಯೋಜನ ಟೀಚ‌ರ್?" ಎಂದ ಅವನು. "ಒಳಗೆ ಹೋಗಿ ಹೇಳಿ."

"ನಾನು ಒಳಗೆ ಬರಬಹುದಾ? ಈಗ, ಇದ್ದತ್‌ನಲ್ಲಿ?"

ಅವನು ನನ್ನನ್ನು ವಿಚಿತ್ರವಾಗಿ ನೋಡಿದ. "ನಿಮಗೆ ಯಾಕೆ ಬರಬಾರದು?"

ಆ ಪ್ರಶ್ನೆ ನನಗೆ ಪೂರ್ತಿ ಅರ್ಥವಾಗಲಿಲ್ಲ. ಬಿದ್ದ ಗೋಡೆಯ ಮೇಲೆ ದಾಟಿ ಹೋಗಲು ಮನಸ್ಸಾಗದೆ, ರಸ್ತೆಗೆ ಬಂದು, ಅವರ ಮುಂಬಾಗಿಲಿನಿಂದ ಹೋದೆ. ಸೊಸೆ ಬಾಗಿಲು ತೆಗೆದು ಒಳಗಿನ ಕೋಣೆ ತೋರಿಸಿದಳು. ಕಿಟಕಿಯ ಪರದೆ ಎಳೆದಿತ್ತು. ಉಮ್ಮ ಮಂಚದ ತುದಿಯಲ್ಲಿ ಕೂತಿದ್ದರು. ಎಷ್ಟು ಇಳಿದುಹೋಗಿದ್ದರೆಂದರೆ ಹೊರಗೆಲ್ಲಾದರೂ ಸಿಕ್ಕಿದ್ದರೆ ನನಗೆ ಗುರುತು ಹತ್ತುತ್ತಿರಲಿಲ್ಲ.

ಇಡೀ ದಾರಿ ಕೊರೆದ ಪ್ರಶ್ನೆಯೇ ಮೊದಲು ಹೊರಗೆ ಬಂತು. "ಉಮ್ಮ, ಇದ್ದತ್ ಮತ್ತೆ ಮೊದಲಿನಿಂದ ಎಣಿಸಬೇಕಾ?"

"ಯಾಕೆ?" ಎಂದರು ತುಳುವಿನಲ್ಲಿ. "ಗೋಡೆ ಬಿದ್ದದ್ದಕ್ಕೆ ನಾನೆಂತ ಮಾಡಲಿಕ್ಕಾಗ್ತದೆ? ನನ್ನ ತಲೆಯಲ್ಲಿ ಬಟ್ಟೆ ಇತ್ತು. ಆ ಮೇಸ್ತ್ರಿ ನನ್ನನ್ನು ಕಂಡ ಕೂಡಲೇ ಎಲ್ಲರನ್ನೂ ಆಚೆ ತಿರುಗಿಸಿದ. ಒಳ್ಳೆಯ ಮನುಷ್ಯ. ದಿನ ಎಷ್ಟು ಉಳಿದಿತ್ತೋ ಅಷ್ಟೇ."

ನಾನು ಉಸಿರು ಬಿಟ್ಟೆ. ದೇವರೇ, ಬಚಾವಾದೆ ಎಂದೇ ಅನಿಸಿತು. "ಮತ್ತೆ ನಾನು ಕೂಗಿದಾಗ ನೀವು ಚಿಲಕ ಹಾಕಿದ್ದು? ನಾನು ಹೆದರಿಯೇ ಹೋದೆ. ಗಂಡಸರು ಇದ್ದರಲ್ಲ ಅಂತ..."

"ಗಂಡಸರಿಗೆ ಅಲ್ಲ ಚಿಲಕ ಹಾಕಿದ್ದು. ಅವರು ಬೆನ್ನು ಹಾಕಿ ನಿಂತಿದ್ರಲ್ಲ." ಉಮ್ಮ ನನ್ನ ಕಡೆ ನೋಡಿದರು. "ನಿಮ್ಮ ಸ್ವರ ಕೇಳಿ ಹಾಕಿದ್ದು. ಮೂರು ತಿಂಗಳಲ್ಲಿ ಒಂದು ಸಲ ಬಾರದವರು ಗೋಡೆ ಬಿತ್ತು ಅಂತ ಓಡಿ ಬಂದಿದ್ದೀರಿ. ನನಗೆ ಸಿಟ್ಟು ಬಂತು."

"ನೋಡಬಾರದು ಅಂತ... ಯಾರನ್ನೂ ಭೇಟಿ ಮಾಡಲಿಕ್ಕಿಲ್ಲ ಅಂತ ನಾನು ತಿಳಿದುಕೊಂಡದ್ದು."

"ನೀವು ಹೆಂಗಸಲ್ವಾ ಟೀಚರ್? ಹೆಂಗಸರು ಬಂದು ಕೂತ್ಕೊಳ್ಬಾರದು ಅಂತ ಯಾರು ಹೇಳಿದ್ದು? ಓಣಿಯ ಆಚೆ ತುದಿಯಿಂದ ಬರ್ತಾರೆ. ಮೀನಿನವಳು ಕೂಡ ಬುಟ್ಟಿ ಹೊರಗಿಟ್ಟು ಬಂದು ಕೂತು ಹೋಗ್ತಾಳೆ. ನೀವು ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುದು ನನಗೆ ದಿನಾ ಕೇಳ್ತದೆ. ಇವತ್ತು ಬರಬಹುದು, ಇವತ್ತು ಬರಬಹುದು ಅಂತ ಆ ಮೆಟ್ಟಿಲಲ್ಲಿ ಕೂತದ್ದು ನಾನು."

ಗೋಡೆ ಬಿದ್ದದ್ದಕ್ಕೆ ಕ್ಷಮೆ ಕೇಳಲು ತಯಾರಾಗಿ ಬಂದಿದ್ದೆ, ವಾಕ್ಯಗಳೂ ಸಿದ್ಧವಿದ್ದವು. ಇದಕ್ಕೆ ನನ್ನಲ್ಲಿ ಒಂದೂ ಇರಲಿಲ್ಲ. ಹೊರಗೆ ಮೇಸ್ತ್ರಿಯೂ ಉಮ್ಮನ ಮಗನೂ ಟರ್ಪಾಲಿನ ಎರಡು ತುದಿ ಹಿಡಿದು ಎಳಿ, ಕಟ್ಟು ಎನ್ನುತ್ತಿದ್ದರು.

"ನಮ್ಮವರು ತೀರಿಹೋದ ದಿನ ನೀವು ಮಗನ ಫೋನಿಗೆ ಬರೆದು ಕಳಿಸಿದ್ದಿರಲ್ಲ" ಎಂದರು ಉಮ್ಮ. "ಮಗ ಓದಿದ. ತುಂಬ ಚಂದದ ಕನ್ನಡ ಅಂತ ಹೇಳಿದ. ನನಗೆ ಅರ್ಥ ಆಗಲಿಲ್ಲ."

ನಾನು ಅತ್ತೆ. ತಡೆಯಲು ಆಗಲಿಲ್ಲ. ಉಮ್ಮ ಅಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮಂಚದಲ್ಲಿ ಸರಿದು ಜಾಗ ಮಾಡಿ, ಕೂತ್ಕೊಳ್ಳಿ ಎಂದು ಕೈಯಲ್ಲಿ ತೋರಿಸಿದರು. ಕೂತೆ.

"ಹೋದ ದಿನ ಬೆಳಿಗ್ಗೆ ಅವರು ಎರಡು ಸಲ ಚಾ ಕೇಳಿದ್ರು ಟೀಚರ್" ಎಂದು ಶುರುಮಾಡಿದರು. "ಯಾವತ್ತೂ ಒಂದೇ ಸಲ ಕುಡಿಯುದು. ನಾನು ಒಲೆ ಆರಿಸಿದ್ದೆ, ಇನ್ನು ಅಂಗಡಿಗೆ ಹೋಗಿ ಕುಡೀರಿ ಅಂತ ಹೇಳಿಬಿಟ್ಟೆ."